ದೊಡ್ಡಪ್ಪ ದೆಹಲಿಗೆ ಮೇವು ನೋಡಲು ಹೋದ ಆಷಾಢ

ಹೋದ ತಿಂಗಳು ಊರಿಗೆ ಹೋಗಿದ್ದೆ. ಮಧುಗಿರಿಯಿಂದ ಪಾವಗಡದ ಕಡೆ ಹೋಗುವ ಬಸ್ಸಿನಲ್ಲಿ ನಮ್ಮ ಹಟ್ಟಿಯ ಕ್ರಾಸಿಗೆ ಬಂದು ಇಳಿಯುವಷ್ಟರಲ್ಲಿ ಒಂದು ಮಳೆ ಬಿದ್ದು ನಿಂತಿತ್ತು. ರಸ್ತೆಯಿಂದ ಹಟ್ಟಿಗೆ ಅರ್ಧ ಮೈಲಿ ನಡೆಯಬೇಕು. ಕುರಿಗಳ ರೊಪ್ಪ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ಆಗಲೇ ಅದರ ವಾಸನೆ ಮೂಗಿಗೆ ಬಂತು. ಒದ್ದೆ ಉಣ್ಣೆ, ಹಿಕ್ಕೆ, ನೆನೆದ ಜಾಲಿಮುಳ್ಳಿನ ಬೇಲಿ. ಊರು ಬಿಟ್ಟು ಹೋದವರಿಗೆ ಇಂಥ ವಾಸನೆ ಬಂದರೆ ಎದೆ ತುಂಬಿ ಬರುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಭಯವಾದಾಗ ನನಗೆ ಏನೇನು ಆಗುತ್ತದೋ ಅದೆಲ್ಲ ಒಂದಾದ ಮೇಲೊಂದು ಆಯಿತು. ನಾಲ್ಕು ವರ್ಷದ ಹಿಂದಿನ ಆಷಾಢದಲ್ಲಿ ನಾನು ದಿನವೂ ಇದೇ ರೊಪ್ಪದ ಪಕ್ಕ ಕೂತು ಹೆದರುತ್ತಿದ್ದೆ. ಮೈ ಅದನ್ನಿನ್ನೂ ಮರೆತಿಲ್ಲ.

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೆಹಲಿಯಲ್ಲಿ ಓದಿದವಳು ಎಂದ ಕೂಡಲೇ ಜನ ಏನೇನೋ ಅಂದುಕೊಳ್ಳುತ್ತಾರೆ. ಹೈಸ್ಕೂಲಿನಲ್ಲಿದ್ದಾಗ ಡ್ರೈವರು ಮರೆತು ನಮ್ಮ ಕ್ರಾಸು ದಾಟಿಸಿಬಿಟ್ಟರೆ, ನಿಲ್ಲಿಸಿ ಎಂದು ಕೂಗಲು ಹೆದರಿ, ಮುಂದಿನ ಊರಿನಲ್ಲಿ ಇಳಿದು ನಡೆದು ಬರುತ್ತಿದ್ದೆ. ಮಧುಗಿರಿ ಕಾಲೇಜಿಗೆ ಸೇರಿದ ಹೊಸತರಲ್ಲಿ ಬೆಟ್ಟ ನೋಡಿದರೂ ಹೆದರಿಕೆ. ಅಷ್ಟು ದೊಡ್ಡ ಒಂದೇ ಬಂಡೆ ಊರಿನ ತಲೆಯ ಮೇಲೆ ಬೋಳಾಗಿ ನಿಂತಿದೆಯಲ್ಲ, ಜಾರಿದರೆ ಏನು ಗತಿ ಎಂದು. ಗೆಳತಿಯರು ಬಿದ್ದು ಬಿದ್ದು ನಗುತ್ತಿದ್ದರು. ಆದರೆ ಪುಸ್ತಕದೊಳಗಿನ ಊರುಗಳಿಗೆ ನಾನು ಎಂದೂ ಹೆದರಿದವಳಲ್ಲ. ಭೂಗೋಳ ನನ್ನ ವಿಷಯ. ಬಿಳಿ ಹಾಳೆಯ ಮೇಲೆ ಯಮುನೆಯ ಗೆರೆ ಎಳೆದು, ನೋಡದೆಯೇ ದೆಹಲಿಗೆ ಚುಕ್ಕಿ ಇಡುತ್ತಿದ್ದೆ.

ನಮಗೆ ಭೂಗೋಳ ಹೇಳುತ್ತಿದ್ದ ಮೇಡಂ ಅದನ್ನು ನೋಡಿ ಮೋಸ ಹೋದರು. ನನಗೆ ಧೈರ್ಯ ಇದೆ ಎಂದುಕೊಂಡರು. ಎಂ.ಎ.ಗೆ ದೆಹಲಿಯ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆಯಲೇಬೇಕೆಂದು ಬೆನ್ನು ಬಿದ್ದರು. ಬೇಡ ಎಂದು ಹೇಳಲೂ ಹೆದರಿಕೆಯಾಗಿ, ಹೇಗೂ ಸಿಗುವುದಿಲ್ಲ ಎನ್ನುವ ಒಂದೇ ಧೈರ್ಯದ ಮೇಲೆ ತುಮಕೂರಿಗೆ ಹೋಗಿ ಬರೆದು ಬಂದೆ. ಸಿಕ್ಕಿಬಿಟ್ಟಿತು. ಫಲಿತಾಂಶ ಬಂದ ದಿನ ಮೇಡಂ ಫೋನಿನಲ್ಲಿ ಕೂಗುತ್ತಿದ್ದರು, ನಾನು ರೊಪ್ಪದ ಬೇಲಿ ಹಿಡಿದುಕೊಂಡು ನಿಂತಿದ್ದೆ. ಸೀಟು ಒಪ್ಪಿಕೊಳ್ಳಲು ಹದಿನೈದು ದಿನ ಇದೆ ಎಂದರು. ಹದಿನೈದು ದಿನದಲ್ಲಿ ಯಾರಾದರೂ ಬೇಡ ಅಂದರೆ ಸಾಕಪ್ಪ ಎಂದು ನಾನು ಆ ಕ್ಷಣದಲ್ಲೇ ಬೇಡಿಕೊಂಡೆ. ಹೋಗಬೇಕೆಂಬ ಆಸೆ ಇರಲಿಲ್ಲವೆಂದಲ್ಲ. ಆಸೆ ಇತ್ತು, ಹೊಟ್ಟೆಯಲ್ಲಿ ಉರಿಯುವಷ್ಟಿತ್ತು. ಹೆದರಿಕೆ ಅದಕ್ಕಿಂತ ಒಂದು ಗೇಣು ಎತ್ತರವಾಗಿತ್ತು ಅಷ್ಟೆ.

ಬೇಡ ಎನ್ನಲು ಅಮ್ಮ ತಯಾರಾಗಿಯೇ ಇದ್ದಳು. ಅಮ್ಮನಿಗೆ ದೆಹಲಿಯೆಂದರೆ ಟೀವಿಯಲ್ಲಿ ಬರುವ ದೆಹಲಿ. ಅದರಲ್ಲೂ ಹೆಣ್ಣುಮಕ್ಕಳಿಗೆ ಆದ ಅನಾಹುತದ ಸುದ್ದಿಗಳು ಒಂದೂ ಬಿಡದೆ ಅವಳಿಗೆ ನೆನಪಿದ್ದವು.

"ತುಮಕೂರ್ನಾಗೂ ಎಂ.ಎ. ಐತಂತಲ್ಲ? ಬೆಳಿಗ್ಗೆ ಬಸ್ಸಿಗೆ ಹೋಗಿ ಸಾಯಂಕಾಲ ಬಂದ್ಬುಡು. ಕತ್ಲಾಗೋದ್ರೊಳಗೆ ನನ್ನ ಕಣ್ಣೆದ್ರಿಗೆ ಇರ್ತೀಯ," ಎಂದಳು.

ಅಪ್ಪ ಮಾತು ಕಡಿಮೆಯ ಮನುಷ್ಯ. ಕುರಿ ಕೊಳ್ಳಲು ಬಂದವರಿಗೆ ಟಗರಿನ ಕಾಲಿನಲ್ಲಿ ಕುಂಟಿದ್ದರೆ ಅವರು ಕೇಳುವ ಮುಂಚೆಯೇ ಹೇಳಿ ವ್ಯಾಪಾರ ಕೆಡಿಸಿಕೊಳ್ಳುವವನು. ಅವತ್ತು ನನ್ನ ಮುಖವನ್ನು ಒಂದಷ್ಟು ಹೊತ್ತು ನೋಡಿದ. ಆಮೇಲೆ ಎದ್ದು ತನ್ನ ಅಣ್ಣನನ್ನು ಕರೆದುಕೊಂಡು ಬಂದ.

ಅಪ್ಪನ ಅಣ್ಣ ಚಿತ್ತಯ್ಯ ದೊಡ್ಡಪ್ಪ ನಮ್ಮ ಹಟ್ಟಿಯಲ್ಲಿ ಮೇವು ನೋಡಿ ಬರುವವನು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಸೀಮೆಯಲ್ಲಿ ಸುಗ್ಗಿ ಮುಗಿದು ಹುಲ್ಲು ಒಣಗಿದ ಮೇಲೆ ಕುರಿಮಂದೆಗಳು ಕಾಲುವೆ ನೀರಿನ ಸೀಮೆಗೆ ಹೊರಡುತ್ತವೆ. ಅಲ್ಲಿ ಭತ್ತ ಕೊಯ್ದು ಬಿಟ್ಟ ಗದ್ದೆಗಳಲ್ಲಿ ಕೂಳೆ ಮೇಯಿಸಿಕೊಂಡು ತಿಂಗಳುಗಟ್ಟಲೆ ಇರುತ್ತಾರೆ. ಗೊತ್ತಿಲ್ಲದ ಜಾಗಕ್ಕೆ ಮಂದೆ ಹೊಡೆಯುವಂತಿಲ್ಲ. ಮೊದಲು ಒಬ್ಬ ಒಂಟಿಯಾಗಿ ಹೋಗಿ ನೀರು ಎಲ್ಲಿದೆ, ನೆರಳು ಹೇಗಿದೆ, ಗದ್ದೆಯವನ ಬಾಯಿ ಎಂಥದ್ದು, ನಾಯಿ ತೋಳದ ಕಾಟ ಇದೆಯೋ ಇಲ್ಲವೋ ಎಲ್ಲ ನೋಡಿಕೊಂಡು ಬರಬೇಕು. ಬಂದವನು ಕಂಬಳಿಯ ಮೇಲೆ ಕೂತು ಮೊದಲು ಕೆಟ್ಟದ್ದನ್ನು ಹೇಳಬೇಕು, ಆಮೇಲೆ ಒಳ್ಳೆಯದು. ಹೋಗಿ ಅಂತಲೂ ಹೇಳುವ ಹಾಗಿಲ್ಲ, ಬೇಡ ಅಂತಲೂ ಹೇಳುವ ಹಾಗಿಲ್ಲ. ಕೇಳಿದವರು ತೀರ್ಮಾನ ಮಾಡುತ್ತಾರೆ. ದೊಡ್ಡಪ್ಪ ನೋಡಿ ಬಂದ ಜಾಗದಲ್ಲಿ ನಮ್ಮ ಮಂದೆ ಒಮ್ಮೆಯೂ ಕೆಟ್ಟಿರಲಿಲ್ಲ. ಅವನು ಯಾವುದಕ್ಕೂ ಹೆದರಿದ್ದನ್ನು ನಾನಂತೂ ಕಂಡಿರಲಿಲ್ಲ.

ಅಪ್ಪ ವಿಷಯ ಹೇಳಿದ. ದೊಡ್ಡಪ್ಪ ಎಲೆ ಅಡಿಕೆ ಅಗಿಯುತ್ತಾ ಕೇಳಿಸಿಕೊಂಡ.

"ಅಲ್ಲಾ, ಒಂದು ಮರಿ ಮೇಯಿಸೋಕೇ ಜಾಗ ನೋಡ್ಕಂಡು ಬತ್ತೀವಿ. ಇದು ನಮ್ಮ ಮಗು. ನೋಡ್ದೆ ಹೆಂಗೆ ಕಳ್ಸೋದು, ನೋಡ್ದೆ ಹೆಂಗೆ ಬ್ಯಾಡ ಅನ್ನೋದು? ನಾನು ಹೋಗ್ಬತ್ತೀನಿ ಬುಡು," ಎಂದ.

ಅಮ್ಮ ಸೆರಗು ಸರಿಮಾಡಿಕೊಂಡು ಬಾಗಿಲ ಮರೆಯಿಂದ, "ಭಾವ ನೋಡ್ಕಂಡು ಬರ್ಲಿ. ಅವರ ಮಾತು ಕೇಳಿ ಆಮೇಲೆ ನಂದು ಹೇಳ್ತೀನಿ," ಎಂದಳು. ಯಾರೂ ನನ್ನನ್ನು ಕೇಳಲಿಲ್ಲ. ಕೇಳದೇ ಇದ್ದದ್ದು ನನಗೆ ಹಾಯೆನಿಸಿತು.

ದೊಡ್ಡಪ್ಪನಿಗೆ ಕನ್ನಡ ಬಿಟ್ಟರೆ ಬರುತ್ತಿದ್ದದ್ದು ತೆಲುಗು. ಉತ್ತರಕ್ಕೆ ಕರ್ನೂಲಿನ ಆಚೆ ಅವನು ಹೋದವನಲ್ಲ. ನಾನು ಒಂದು ಹಾಳೆಯ ಮೇಲೆ ವಿಶ್ವವಿದ್ಯಾಲಯದ ಹೆಸರು, ವಿಳಾಸವನ್ನು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ದಪ್ಪಗೆ ಬರೆದು ಕೊಟ್ಟೆ. ಅದನ್ನು ಮಡಿಸಿ ಎಲೆ ಅಡಿಕೆಯ ಸಂಚಿಯೊಳಗೆ ಇಟ್ಟುಕೊಂಡ. ಹೆಗಲಿಗೆ ಕಂಬಳಿ, ಕೈಯಲ್ಲಿ ರೊಟ್ಟಿ ಬುತ್ತಿ, ಜೇಬಿನಲ್ಲಿ ಗುಂಡಿ ಒತ್ತುವ ಹಳೇ ಫೋನು. ಅಪ್ಪ ಹಿಂದೂಪುರದ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿಸಿ ಬಂದ. ದೊಡ್ಡಪ್ಪ ಕಿಟಕಿಯಲ್ಲಿ ಕೂತು ನಗುತ್ತಲೇ ಹೋದನಂತೆ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನನಗೆ ಗಾಳಿಯ ಸದ್ದು ಕೇಳುತ್ತದೆ. ಆ ವರ್ಷ ಆಷಾಢದ ಗಾಳಿ ವಿಪರೀತ. ಮೋಡಗಳು ಬೆಟ್ಟದ ಕಡೆಯಿಂದ ಬಂದು ನಮ್ಮ ತಲೆಯ ಮೇಲೆ ನಿಲ್ಲದೆ ಆಂಧ್ರದ ಕಡೆ ಓಡುತ್ತಿದ್ದವು. ಕಡಲೇಕಾಯಿ ಬಿತ್ತಲು ಹೊಲ ಹದ ಮಾಡಿಕೊಂಡು ಜನ ಆಕಾಶ ನೋಡುತ್ತಿದ್ದರು. ಮನೆಯ ಮೇಲಿನ ತಗಡು ಇಡೀ ದಿನ ಪಟಪಟ ಬಡಿದುಕೊಳ್ಳುತ್ತಿತ್ತು. ಎರಡನೇ ದಿನ ದೊಡ್ಡಪ್ಪ ಫೋನು ಮಾಡಿ, "ಇನ್ನೂ ರೈಲಾಗೇ ಇವ್ನಿ, ಮುಗೀವಲ್ದು ಈ ದೇಶ," ಎಂದ. ಮೂರನೇ ದಿನದಿಂದ ಫೋನು ಸತ್ತುಹೋಯಿತು. ಯಾವಾಗ ಮಾಡಿದರೂ ಸ್ವಿಚ್ ಆಫ್.

ನಾಲ್ಕು, ಐದು. ದೊಡ್ಡಪ್ಪನಿಲ್ಲದೆ ಅವನ ಮಂದೆಯನ್ನು ಅಪ್ಪ ನೋಡಿಕೊಳ್ಳುತ್ತಿದ್ದ. ಮಧ್ಯಾಹ್ನದ ಮೇಲೆ ಕುರಿಗಳನ್ನು ಕ್ರಾಸಿನ ಹತ್ತಿರಕ್ಕೇ ಹೊಡೆದುಕೊಂಡು ಹೋಗಿ, ಬರುವ ಪ್ರತಿ ಬಸ್ಸಿನ ಬಾಗಿಲನ್ನು ನೋಡುತ್ತಾ ನಿಲ್ಲುತ್ತಿದ್ದ. ದೊಡ್ಡಮ್ಮ ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ದಾರಿಯಲ್ಲಿ ಸಿಕ್ಕರೂ ನನ್ನ ಜೊತೆ ಒಂದು ಮಾತಿಲ್ಲ. ಅಮ್ಮ ನನ್ನ ಮೇಲೆ ರೇಗುವುದನ್ನೂ ಬಿಟ್ಟಳು, ಅದು ಇನ್ನೂ ಕಷ್ಟವಾಯಿತು. ನಾನು ರೊಪ್ಪದ ಪಕ್ಕ ಕಲ್ಲಿನ ಮೇಲೆ ಕೂತು ಹರಕೆಯ ಮೇಲೆ ಹರಕೆ ಹೊರುತ್ತಿದ್ದೆ. ಸಿದ್ದರಬೆಟ್ಟ ಹತ್ತುತ್ತೇನೆ, ಬರಿಗಾಲಲ್ಲಿ ಹತ್ತುತ್ತೇನೆ, ದೊಡ್ಡಪ್ಪ ಬರಲಿ. ಸೀಟು ಬೇಡ, ತುಮಕೂರೂ ಬೇಡ, ಓದೇ ಬೇಡ, ದೊಡ್ಡಪ್ಪ ಬಂದರೆ ಸಾಕು. ನನ್ನ ಒಂದು ಪರೀಕ್ಷೆಯ ದೆಸೆಯಿಂದ ಒಂದು ಮನೆಯ ಯಜಮಾನ ಕಾಣದ ಊರಿನಲ್ಲಿ ಕಳೆದುಹೋದ ಎಂದು ಹಟ್ಟಿಯಲ್ಲಿ ತಲೆತಲಾಂತರ ಹೇಳುವುದನ್ನು ಮನಸ್ಸಿನಲ್ಲೇ ಕೇಳಿಸಿಕೊಳ್ಳುತ್ತಿದ್ದೆ.

ಎಂಟನೇ ದಿನ ಹೊತ್ತು ಇಳಿಯುವಾಗ ಅಪ್ಪ ಕುರಿಗಳ ಹಿಂದೆ ಬರುತ್ತಿದ್ದ. ಪಕ್ಕದಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಇನ್ನೊಬ್ಬ. ನಾನು ಕೂತಲ್ಲೇ ಜೋರಾಗಿ ಅತ್ತೆ.

"ಏನೇ ಇದು, ಸತ್ತೋನ್ನ ಕಂಡಂಗೆ ಅಳ್ತೀಯ! ಫೋನ್ನಾಗೆ ಚಾರ್ಜು ಇರ್ಲಿಲ್ಲ ಕಣಮ್ಮ. ನೀರು ಕೊಡು ಮೊದ್ಲು," ಎಂದ ದೊಡ್ಡಪ್ಪ.

ಕೈಕಾಲು ತೊಳೆದು ನಮ್ಮ ಮನೆಯ ಮುಂದೆ ಕಂಬಳಿ ಹಾಸಿ ಕೂತ. ಅಪ್ಪ, ಅಮ್ಮ, ದೊಡ್ಡಮ್ಮ, ನಾನು ಸುತ್ತ ಕೂತೆವು. ಅವನು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಬಳ್ಳಾರಿ ಕಾಲುವೆಯ ಕೂಳೆ ನೋಡಿ ಬಂದಾಗ ಹೇಗೆ ಹೇಳುತ್ತಿದ್ದನೋ ಹಾಗೆಯೇ ಶುರು ಮಾಡಿದ.

"ಗಾಳಿ ಸರಿ ಇಲ್ಲ. ಮೂಗು ಸೀಟಿದ್ರೆ ಕರ್ರಗೆ ಬತ್ತದೆ. ನೀರು ಸಪ್ಪೆ. ಬಿಸ್ಲು ನಮ್ಮಂಗಲ್ಲ, ಮೈಗೆ ಅಂಟ್ಕಂತದೆ. ಜನ ಮಕ ನೋಡಿ ಮಾತಾಡಾಕಿಲ್ಲ. ದಾರಿ ಕೇಳಿದ್ರೆ ಕೈ ತೋರ್ಸಿ ಹೋಗ್ತಾನೇ ಇರ್ತಾರೆ. ಯಾವೂರು ಅಂತ ಒಬ್ರೂ ಕೇಳಾಕಿಲ್ಲ. ಇದು ಕೆಟ್ಟದ್ದು."

ಅಮ್ಮ ನನ್ನ ಕಡೆ ನೋಡಿದಳು.

"ಇನ್ನು ಒಳ್ಳೇದು. ಗೇಟು ಐತೆ, ಗೇಟಿಗೆ ಕಾವಲು ಐತೆ. ಒಳಗೆ ಬಲಕ್ಕೆ ತಿರುಗಿದ್ರೆ ದೊಡ್ಡದೊಂದು ಬೇವಿನ ಮರ. ಅದ್ರ ಬುಡದಾಗೆ ಚಾ ಮಾರೋನು ಅವ್ನೆ, ಒಳ್ಳೆ ಮನ್ಸ. ಭಾಷೆ ಬರ್ದಿದ್ರೂ ನನ್ನ ಮಕ ನೋಡಿ ಚಾಕ್ಕೆ ಶುಂಠಿ ಹಾಕ್ಕೊಟ್ಟ. ನಾಯಿಗಳು ಹೆಣ್ಮಕ್ಕಳ ಕಾಲ ಬುಡದಾಗೇ ಮಲಗಿರ್ತವೆ, ಒಂದೂ ಬೊಗಳಾಕಿಲ್ಲ. ನಾಯಿ ಅಂಗೆ ಮೈಮರ್ತು ಮಲಗೈತೆ ಅಂದ್ರೆ ಆ ಜಾಗದಾಗೆ ಕಳ್ರ ಓಡಾಟ ಇಲ್ಲ. ಹೊತ್ತು ಮುಳುಗಿದ ಮ್ಯಾಲೂ ಹೆಣ್ಮಕ್ಕಳು ಪುಸ್ತಕ ಹಿಡ್ಕಂಡು ಒಂಟಿಯಾಗಿ ಓಡಾಡ್ತಾವೆ. ನಾನು ಎರಡು ದಿನ ಅದ್ನೇ ನೋಡ್ತಾ ಕುಂತಿದ್ದೆ. ಬೆದ್ರಿದ ಕುರಿ ಕತ್ತು ಹಿಂದಕ್ಕೆ ತಿರುಗಿಸ್ಕಂಡೇ ಮೇಯ್ತದೆ. ಈ ಹುಡುಗೀರು ಒಂದೂ ಕತ್ತು ತಿರುಗಿಸ್ಲಿಲ್ಲ."

ಅಮ್ಮನ ಮುಖದಲ್ಲಿ ಏನೋ ಸಡಿಲವಾಯಿತು. ಟೀವಿಯವರು ಅಷ್ಟು ವರ್ಷದಿಂದ ಹೇಳಿದ್ದನ್ನು ದೊಡ್ಡಪ್ಪನ ಆ ನಾಲ್ಕು ಮಾತು ಅಳಿಸಿ ಹಾಕುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ.

"ಅಷ್ಟು ದೊಡ್ಡ ಊರಾಗೆ ಜಾಗ ಹೆಂಗೆ ಹುಡುಕಿದ್ರಿ ಭಾವ?" ಎಂದು ಕೇಳಿದಳು.

"ಅದೊಂದು ಕತೆ," ಎಂದು ದೊಡ್ಡಪ್ಪ ನಕ್ಕ. "ಸ್ಟೇಷನ್ನಾಗೆ ಇಳಿದು ಚೀಟಿ ತೆಗೀತೀನಿ, ಸಂಚಿಯಾಗಿನ ಸುಣ್ಣ ಮೆತ್ಕಂಡು ಬೆವ್ರಿಗೆ ನೆಂದು ಒಂದಕ್ಷರಾನೂ ಉಳಿದಿಲ್ಲ. ಸರಿ, ಮೇವು ಎತ್ತ ಕಡೆ ಐತೆ ಅಂತ ಗೊತ್ತಾಗ್ದಾಗ ಏನು ಮಾಡ್ತೀವಿ? ಇನ್ನೊಂದು ಮಂದೆ ಹಿಂದೆ ನಡೀತೀವಿ. ಬೆನ್ನಿಗೆ ಚೀಲ ಹಾಕ್ಕಂಡ ಹುಡುಗ್ರು ಹುಡುಗೀರು ಗುಂಪಾಗಿ ಹೋಗ್ತಿದ್ರು. ಯೂನಿವರ್ಸಿಟೀನಾ ಅಂದೆ. ಹೂಂ ಅಂತ ತಲೆ ಆಡ್ಸಿದ್ರು. ಅವ್ರ ಹಿಂದೇನೇ ಹೋದೆ. ಅವ್ರು ನೆಲದೊಳಗಿನ ರೈಲು ಹತ್ತಿದ್ರು, ನಾನೂ ಹತ್ತಿದೆ. ಇಳಿದ್ರು, ಇಳಿದೆ. ಸೀದಾ ಗೇಟಿಗೇ ಕರ್ಕಂಡೋಗಿ ಬುಟ್ರು."

ಎಲ್ಲರೂ ನಕ್ಕರು. ನನಗೆ ಮಾತ್ರ ಎಲ್ಲೋ ಒಂದು ಸಣ್ಣ ಮುಳ್ಳು ಚುಚ್ಚಿತು. ದೆಹಲಿಯಲ್ಲಿ ವಿಶ್ವವಿದ್ಯಾಲಯ ಇರುವುದು ಒಂದೇ ಅಲ್ಲವಲ್ಲ ಎಂದು.

ದೊಡ್ಡಪ್ಪ ಟವೆಲಿನ ಗಂಟು ಬಿಚ್ಚಿದ. ನೋಡಿ ಬಂದ ಜಾಗದಿಂದ ಒಂದು ಹಿಡಿ ತರುವುದು ಅವನ ಪದ್ಧತಿ. ಒಣ ಮಣ್ಣು, ಬೇವಿನ ಎಲೆ. ಅಮ್ಮ ಆ ಮಣ್ಣನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿದಳು. ಆಮೇಲೆ ಅವನು ಜೇಬಿನಿಂದ ಒಂದು ಹಾಳೆ ತೆಗೆದ. ಅನಂತಪುರದ ಕಡೆಯ ಸುನೀತ ಅನ್ನುವ ಹುಡುಗಿಯೊಬ್ಬಳು ಅಲ್ಲಿ ಓದುತ್ತಿದ್ದಾಳೆ, ತೆಲುಗಿನಲ್ಲಿ ಮಾತಾಡಿಸಿ ಊಟ ಹಾಕಿಸಿದಳು, ನಿಮ್ಮ ಮಗಳು ಬಂದರೆ ನನಗೆ ಫೋನು ಮಾಡಲಿ ಎಂದು ಬರೆದುಕೊಟ್ಟಿದ್ದಾಳೆ ಎಂದ. ಹಾಳೆ ಅಮ್ಮನ ಕೈಯಿಂದ ಅಪ್ಪನ ಕೈಗೆ ಹೋಯಿತು. ಅಪ್ಪನಿಗೆ ಓದಲು ಬರುವುದು ಕನ್ನಡ ಮಾತ್ರ. ಇಂಗ್ಲಿಷ್ ಅಕ್ಷರಗಳನ್ನು ಬರಿದೇ ನೋಡಿ ನನಗೆ ಕೊಟ್ಟ.

ಹಾಳೆಯ ತಲೆಯ ಮೇಲೆ ದೊಡ್ಡದಾಗಿ ವಿಶ್ವವಿದ್ಯಾಲಯದ ಹೆಸರು ಅಚ್ಚಾಗಿತ್ತು. ಅದು ನನ್ನದಲ್ಲ. ನನಗೆ ಸೀಟು ಸಿಕ್ಕ ಜಾಗವೇ ಬೇರೆ, ಊರಿನ ಇನ್ನೊಂದು ಮೂಲೆ.

ದೊಡ್ಡಪ್ಪ ಮೂರು ದಿನ ರೈಲಿನಲ್ಲಿ ಹೋಗಿ, ಎರಡು ದಿನ ಬಿಸಿಲಿನಲ್ಲಿ ಕೂತು, ಯಾರದೋ ಹೊಲ ನೋಡಿ ಬಂದಿದ್ದ. ಆ ಬೇವಿನ ಮರ, ಆ ಚಾದವನು, ಕಾಲ ಬುಡದ ನಾಯಿಗಳು, ಕತ್ತು ತಿರುಗಿಸದ ಹುಡುಗಿಯರು, ಯಾವುದೂ ನಾನು ಹೋಗಬೇಕಾದ ಜಾಗದ್ದಲ್ಲ. ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಕಣ್ಣು ಒರೆಸಿಕೊಂಡು, "ಹೋಗ್ಲಿ ಬುಡಿ. ಭಾವ ನೋಡಿ ಬಂದವ್ರೆ, ಇನ್ನೇನು ನನ್ನದು," ಎಂದುಬಿಟ್ಟಳು. ದೊಡ್ಡಮ್ಮ ಎಂಟು ದಿನದ ಮೇಲೆ ಮೊದಲ ಸಲ ನನ್ನ ತಲೆ ಸವರಿದಳು. ದೊಡ್ಡಪ್ಪ ಹೊಸ ಎಲೆಗೆ ಸುಣ್ಣ ಸವರುತ್ತಾ ನನ್ನನ್ನು ನೋಡಿ ಕಣ್ಣಲ್ಲೇ ನಕ್ಕ. ನಾನು ತೆರೆದ ಬಾಯಿ ಮುಚ್ಚಿದೆ.

ಅಮ್ಮ ಆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹೋಗಿ ದೇವರ ಪಟದ ಮುಂದೆ ಇಟ್ಟು ಕುಂಕುಮ ಹಚ್ಚಿದಳು. ಬೇರೆ ವಿಶ್ವವಿದ್ಯಾಲಯದ ಹೆಸರಿಗೆ ನಮ್ಮ ಮನೆಯಲ್ಲಿ ದಿನಾ ಊದುಬತ್ತಿ. ಈಗ ಹೇಳಿದರೆ ನಗು ಬರುತ್ತದೆ. ಆಗ ಆ ಪಟದ ಮುಂದೆ ಕೈ ಮುಗಿಯಲೂ ನನಗೆ ಹೆದರಿಕೆ.

ಎರಡು ದಿನ ಬಿಟ್ಟು, ಹಾಳೆಯಲ್ಲಿದ್ದ ನಂಬರನ್ನು ಕಳ್ಳತನದಲ್ಲಿ ಬರೆದುಕೊಂಡು, ಸಿಗ್ನಲ್ ಸಿಗುವ ದಿಬ್ಬಕ್ಕೆ ಹೋಗಿ ಸುನೀತಳಿಗೆ ಫೋನು ಮಾಡಿದೆ. ನನ್ನ ತೆಲುಗು ದೊಡ್ಡಪ್ಪನ ತೆಲುಗಿನಷ್ಟು ಚೆನ್ನಾಗಿಲ್ಲ. ಅವಳು ಕೂಡಲೇ, "ಪೆದ್ದನಾನ್ನ ಬಾಗುನ್ನಾರಾ?" ಎಂದು ಕೇಳಿದಳು. ದೊಡ್ಡಪ್ಪ ಚೆನ್ನಾಗಿದ್ದಾರಾ ಎಂದು. ಚೆನ್ನಾಗಿದ್ದಾರೆ ಎಂದು ಹೇಳಿ, ನನ್ನ ಸೀಟು ಎಲ್ಲಿ ಸಿಕ್ಕಿದೆ ಎನ್ನುವುದನ್ನು ಹೇಳಿದೆ.

ಅದು ತನಗೆ ಆಗಲೇ ಗೊತ್ತಾಗಿತ್ತು ಎಂದಳು ಸುನೀತ. "ನಿಮ್ಮ ದೊಡ್ಡಪ್ಪ ನಿನ್ನ ವಿಷಯದ ಹೆಸರು ಹೇಳಿದಾಗ ಅನುಮಾನ ಬಂತು, ಇಲ್ಲಿ ಆ ವಿಷಯವೇ ಇಲ್ಲ. ಆದರೆ ಹೇಗೆ ಹೇಳಲಿ? ಮೊದಲನೇ ದಿನ ನಾನು ಅವರನ್ನು ನೋಡಿದಾಗ ಮರದ ಕೆಳಗೆ ಕಂಬಳಿ ಹೊದ್ದು ಮುದುಡಿಕೊಂಡು ಕೂತಿದ್ದರು. ಅಂಥ ಸೆಕೆಯಲ್ಲಿ ಕಂಬಳಿ. ಚಾದ ಲೋಟ ಹಿಡಿದರೆ ಕೈ ನಡುಗಿ ಚೆಲ್ಲುತ್ತಿತ್ತು. ತೆಲುಗಿನಲ್ಲಿ ಮಾತಾಡಿಸಿದ್ದೇ ತಡ, ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟರು. ನಾನು ಸರಿಯಾದ ಜಾಗಕ್ಕೆ ಬಂದಿದ್ದೀನಿ ತಾನೇ ಅಮ್ಮಾ ಎಂದು ಕೇಳಿದರು. ಹೌದು ಎಂದುಬಿಟ್ಟೆ. ಸಾಯಂಕಾಲ ಸ್ಟೇಷನ್ನಿಗೆ ಬಿಟ್ಟು ಬರುತ್ತೇನೆ ಎಂದೆ, ಬೇಡ ಇನ್ನೂ ನೋಡಿಲ್ಲ ಎಂದರು. ಮಾರನೇ ದಿನ ಬೆಳಿಗ್ಗೆ ಕ್ಲಾಸಿಗೆ ಹೋಗುವಾಗ ನೋಡಿದರೆ ಮತ್ತೆ ಅಲ್ಲೇ ಬಂದು ಕೂತಿದ್ದರು."

ನಾನು ದಿಬ್ಬದ ಮೇಲೆಯೇ ಕುಕ್ಕರಿಸಿದೆ. ಕೆಟ್ಟದ್ದನ್ನೆಲ್ಲ ಮೊದಲು ಹೇಳಿದ ದೊಡ್ಡಪ್ಪ ಇದೊಂದನ್ನು ಹೇಳಿರಲಿಲ್ಲ. ತೋಳ ಬಿದ್ದ ಮಂದೆಯೊಳಗೆ ಕೋಲು ಹಿಡಿದು ನುಗ್ಗಿದವನು ಎಂದು ಹಟ್ಟಿಯೆಲ್ಲ ಹೇಳುವ ಮನುಷ್ಯ ಲೋಟ ಹಿಡಿಯಲಾರದಷ್ಟು ಹೆದರಿದ್ದ. ಅವನಿಗೇ ಹಾಗಾದರೆ ನನ್ನ ಪಾಡೇನು? ಇಷ್ಟು ದಿನ ನನ್ನ ಹೆದರಿಕೆ ಬರೀ ಪುಕ್ಕಲುತನ ಎಂದುಕೊಂಡಿದ್ದೆ. ಈಗ ಅದಕ್ಕೆ ಕಾರಣವೂ ಸಿಕ್ಕಿತು.

ಸೀಟು ಒಪ್ಪಿಕೊಳ್ಳುವ ಕೊನೆಯ ದಿನ ಮಧುಗಿರಿಗೆ ಹೋದೆ. ಬೆಟ್ಟದ ತಲೆ ಮೋಡದಲ್ಲಿ ಮುಚ್ಚಿಹೋಗಿತ್ತು, ಕೆಳಗಿನ ಬಂಡೆ ಮಾತ್ರ ಕಪ್ಪಗೆ ಒದ್ದೆಯಾಗಿ ಹೊಳೆಯುತ್ತಿತ್ತು. ಕೋರ್ಟಿನ ಹತ್ತಿರದ ಸೈಬರ್ ಅಂಗಡಿ ನಡೆಸುತ್ತಿದ್ದ ಅಕ್ಕ ನನ್ನ ಹೆಸರು, ಪಾಸ್‌ವರ್ಡ್ ಹಾಕಿ ಪುಟ ತೆರೆದಳು. ಒಪ್ಪಿಗೆ ಇದೆ, ಒಪ್ಪಿಗೆ ಇಲ್ಲ ಎಂದು ಅಕ್ಕಪಕ್ಕದಲ್ಲಿ ಎರಡು ಗುಂಡಿಗಳು.

"ಯಾವುದು ಒತ್ಲಮ್ಮ?" ಎಂದಳು.

ಒಂದು ನಿಮಿಷ ಅಕ್ಕ ಎಂದೆ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ. ಮನೆಗೆ ಹೋಗಿ ನಿಜ ಹೇಳಿದರೆ ಎಲ್ಲ ಇವತ್ತೇ ಮುಗಿಯುತ್ತದೆ. ಇನ್ನೊಂದು ಸಲ ಹೋಗಿ ನೋಡಿ ಬರಲು ದಿನವಿಲ್ಲ, ನೋಡದ ಜಾಗಕ್ಕೆ ಅಮ್ಮ ಕಳಿಸುವುದಿಲ್ಲ. ನಾನು ತುಮಕೂರಿನ ಬಸ್ಸು ಹತ್ತಬಹುದು, ಸಾಯಂಕಾಲ ಮನೆಯಲ್ಲಿರಬಹುದು. ದೊಡ್ಡಪ್ಪನ ಮಾತಿನ ಮೇಲೆ ಇನ್ನು ಯಾರೂ ಮಂದೆ ಹೊಡೆಯುವುದಿಲ್ಲ, ಅಷ್ಟೆ. ಹೇಳದಿದ್ದರೆ ನನ್ನವರು ಯಾರೂ ಕಣ್ಣಿಟ್ಟು ನೋಡದ ಜಾಗಕ್ಕೆ, ಎಲ್ಲರೂ ನೋಡಿದ್ದಾರೆಂದು ನಂಬಿಸಿ, ನಾನೊಬ್ಬಳೇ ಹೋಗಬೇಕು. ಅಲ್ಲಿ ಏನಾದರೂ ಆದರೆ ಅದು ನಾನು ಮುಚ್ಚಿಟ್ಟ ಸುಳ್ಳಿನ ಫಲ.

ಧೈರ್ಯ ಎಲ್ಲಿಂದಲೋ ಬಂತು ಎಂದು ಬರೆದರೆ ಸುಳ್ಳಾಗುತ್ತದೆ, ಅದು ಬರಲಿಲ್ಲ. ತಲೆಯಲ್ಲಿ ಉಳಿದದ್ದು ಸುನೀತ ಹೇಳಿದ ಒಂದೇ ಮಾತು, ಮಾರನೇ ದಿನ ಬೆಳಿಗ್ಗೆ ಮತ್ತೆ ಅಲ್ಲೇ ಬಂದು ಕೂತಿದ್ದರು ಎಂಬುದು. ಕೈ ನಡುಗುವ ಮನುಷ್ಯ ರಾತ್ರಿ ಕಳೆದ ಮೇಲೆ ಎದ್ದು ಮತ್ತೆ ಅದೇ ಜಾಗಕ್ಕೆ ಯಾಕೆ ಬಂದ? ನನಗಾಗಿ ಬಂದ. ಒಳಗೆ ಹೋಗಿ, ಅಕ್ಕನ ಕೈಯಿಂದ ಮೌಸು ತೆಗೆದುಕೊಂಡು ನಾನೇ ಒತ್ತಿದೆ. ಒತ್ತಿದ ಮೇಲೆ ಇನ್ನಷ್ಟು ಹೆದರಿಕೆಯಾಯಿತು.

ಹೊರಡುವ ಹೊತ್ತಿಗೆ ಶ್ರಾವಣ ಬಂದಿತ್ತು. ಹದವಾದ ಮಳೆ ಬಿದ್ದು ಕಡಲೇಕಾಯಿ ಮೊಳೆತಿತ್ತು. ದೊಡ್ಡಪ್ಪನ ಕುರಿಗಳಿಗೆ ಕಾಲುಬೇನೆ ಬಂದಿದ್ದರಿಂದ ಅವನು ಬರುವಂತಿರಲಿಲ್ಲ, ಅಪ್ಪ ನನ್ನ ಜೊತೆ ಬರುವುದೆಂದಾಯಿತು. ಅವನೇ ಬಂದಿದ್ದರೆ ಏನಾಗುತ್ತಿತ್ತೋ ಎಂದು ನಾನು ಕುರಿಗಳ ಬೇನೆಗೆ ಒಳಗೊಳಗೇ ಕೈ ಮುಗಿದೆ. ನಾಚಿಕೆಗೇಡು, ಆದರೂ ನಿಜ. ಹೊರಡುವ ದಿನ ದೊಡ್ಡಪ್ಪ ಅಪ್ಪನನ್ನು ಕೂರಿಸಿಕೊಂಡು ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ದಾರಿ ಹೇಳಿಕೊಟ್ಟ.

"ಗೇಟು ದಾಟಿದ ಮ್ಯಾಲೆ ಬಲಕ್ಕೆ ತಿರುಗು. ಬೇವಿನ ಮರ ಸಿಕ್ಕೇ ಸಿಗ್ತದೆ. ಚಾದವನಿಗೆ ಕಂಬಳಿ ಅಂತ ಸನ್ನೆ ಮಾಡು, ನನ್ನ ಗುರ್ತು ಹಿಡೀತಾನೆ."

ಅಮ್ಮ ಹುರಿದ ಕಡಲೇಕಾಯಿಯ ಒಂದು ಪೊಟ್ಟಣ ತಂದು ಅಪ್ಪನ ಚೀಲದಲ್ಲಿಟ್ಟಳು. "ಇದು ಆ ಚಾದವನಿಗೆ ಕೊಡಿ. ನಮ್ಮ ಮಗೀನ ಮ್ಯಾಲೆ ಒಂದು ಕಣ್ಣಿಟ್ಟಿರಪ್ಪ ಅಂತ ಕೈ ಮುಗ್ದು ಹೇಳಿ."

ರೈಲಿನಲ್ಲಿ ಎರಡು ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ನನಗೆ ದೆಹಲಿಯ ಭಯ ಹೋಗಿ ಆ ಪೊಟ್ಟಣದ ಭಯ ಶುರುವಾಗಿತ್ತು. ಈಗ ಹೇಳಲಾ, ಭೋಪಾಲ ದಾಟಿದ ಮೇಲೆ ಹೇಳಲಾ ಎಂದುಕೊಳ್ಳುತ್ತಾ ಒಂದೊಂದೇ ಸ್ಟೇಷನ್ನು ದಾಟಿಸಿದೆ. ಅಪ್ಪ ಕಿಟಕಿಯಲ್ಲಿ ಹೊಲಗಳನ್ನು ನೋಡುತ್ತಾ, ಯಾವ ಯಾವ ಬೆಳೆ ಎಂದು ನನಗೆ ತೋರಿಸುತ್ತಿದ್ದ.

ಆಟೋದವನು ನಮ್ಮನ್ನು ಇಳಿಸಿದ್ದು ಒಂದು ಅಗಲವಾದ ರಸ್ತೆಯಲ್ಲಿ. ಎದುರಿಗೆ ನನ್ನ ವಿಶ್ವವಿದ್ಯಾಲಯದ ಗೇಟು. ಅಪ್ಪ ಟ್ರಂಕು ಹೊತ್ತುಕೊಂಡು ಒಳಗೆ ಬಂದವನೇ ಬಲಕ್ಕೆ ತಿರುಗಿದ. ಅಲ್ಲಿ ಗಾಡಿ ನಿಲ್ಲಿಸುವ ಜಾಗ, ಸಿಮೆಂಟಿನ ನೆಲ, ಒಂದು ಉದ್ದನೆಯ ಗೋಡೆ. ಸ್ವಲ್ಪ ದೂರ ಹೋಗಿ ನೋಡಿದ. ವಾಪಸು ಬಂದು ಎಡಕ್ಕೆ ನೋಡಿದ. ಟ್ರಂಕು ಕೆಳಗಿಟ್ಟು ಸುತ್ತಲೂ ತಿರುಗಿ ನೋಡಿದ. ಮರಗಳಿದ್ದವು, ಬೇವಿನದು ಒಂದೂ ಇರಲಿಲ್ಲ. ನಾನು ಅವನ ಬೆನ್ನ ಹಿಂದೆ ಚೀಲ ತಬ್ಬಿಕೊಂಡು ನಿಂತಿದ್ದೆ. ಅಪ್ಪ ತಿರುಗಿ ನನ್ನನ್ನು ನೋಡಿದ. ನನ್ನ ಮುಖದಲ್ಲಿ ಎಲ್ಲವೂ ಬರೆದಿತ್ತು ಅಂತ ಕಾಣುತ್ತದೆ.

ಟ್ರಂಕನ್ನು ಹೊತ್ತುಕೊಂಡು ಹಾಸ್ಟೆಲಿನವರೆಗೂ ಬಂದ. ಕಾಗದಪತ್ರದ ಕೆಲಸವೆಲ್ಲ ಮುಗಿಯುವವರೆಗೂ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ನಾನು ಹೊರಗೆ ಬಂದಾಗ ಬಾಗಿಲಿನ ಕಾವಲಿನವನ ಮುಂದೆ ನಿಂತಿದ್ದ. ಕಡಲೇಕಾಯಿಯ ಪೊಟ್ಟಣ ಅವನ ಕೈಗಿಟ್ಟು, ಎರಡೂ ಕೈ ಮುಗಿದು, ಅವನಿಗೆ ಒಂದಕ್ಷರವೂ ತಿಳಿಯದ ಕನ್ನಡದಲ್ಲಿ ನನ್ನ ಕಡೆ ತೋರಿಸಿ ಏನೋ ಹೇಳುತ್ತಿದ್ದ.

ಆಗಲೇ ಅಮ್ಮನ ಫೋನು ಬಂತು. ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ಫೋನು ಅಪ್ಪನಿಗೇ ಕೊಟ್ಟೆ. ಅಪ್ಪನಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿದ.

"ಸಿಕ್ತಾ ಜಾಗ? ಭಾವ ಹೇಳ್ದಂಗೇ ಐತಾ?" ಅಮ್ಮನ ದನಿ ಜೋರಾಗಿ ಕೇಳಿತು. ಹಿಂದೆ ದೊಡ್ಡಪ್ಪ ಏನೋ ಹೇಳುತ್ತಿದ್ದ.

ಅಪ್ಪ ನಾವು ಬಂದ ಗೇಟಿನ ಕಡೆ ಒಮ್ಮೆ ತಿರುಗಿ ನೋಡಿದ.

"ಹೂಂ, ಅಣ್ಣ ಹೇಳ್ದಂಗೇ ಐತೆ," ಎಂದ. "ಬೇವಿನ ಮರ ಐತೆ. ನಾಯಿಗಳು ಮಲಗವೆ. ಚಾದವನಿಗೆ ಕಡ್ಲೇಕಾಯಿ ಕೊಟ್ಟೆ. ಅಣ್ಣನ್ನ ಕೇಳ್ದ ಅಂತ ಹೇಳು."

ಅಪ್ಪ ಸುಳ್ಳು ಹೇಳಿದ್ದನ್ನು ನಾನು ಹುಟ್ಟಿದ ಮೇಲೆ ಕೇಳಿದ್ದು ಅದೊಂದೇ ಸಲ. ಫೋನು ವಾಪಸು ಕೊಡುವಾಗ ಅವನ ಕೈಯೂ ನಡುಗುತ್ತಿತ್ತು.